ಎಂಟುನೂರ ಹದಿನಾಲ್ಕು ಎಲೆ

ಕೋಟೇಶ್ವರದ ಇತಿಹಾಸದಲ್ಲಿ ಹಲಸಿನ ಮರವೊಂದರ ಎಲೆಗಳನ್ನು ಒಂದೂ ಬಿಡದೆ ಎಣಿಸಿ ಮುಗಿಸಿದ್ದು ಜೂನ್ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ. ಈ ಮಹತ್ಕಾರ್ಯವನ್ನು ನೋಡಲು ಪಂಚಾಯಿತಿಯವರಾಗಲಿ ಪೇಪರಿನವರಾಗಲಿ ಬಂದಿರಲಿಲ್ಲ. ಬಂದವನು ಪ್ರಜ್ವಲ್ ಒಬ್ಬನೇ. ಅವನೂ ಲೆಕ್ಕ ತಪ್ಪಿಸಲೆಂದೇ ಬಂದಿದ್ದ.

"ಏಳ್ನೂರ ತೊಂಬತ್ತೆಂಟು, ಏಳ್ನೂರ ತೊಂಬತ್ತೊಂಬತ್ತು..." ಸ್ಟೂಲಿನ ಮೇಲೆ ನಿಂತು ಕ್ಷಮಾ ಎಣಿಸುತ್ತಿದ್ದಳು.

"ಮುನ್ನೂರ ನಲ್ವತ್ತು!" ಎಂದು ಕೂಗಿದ ಪ್ರಜ್ವಲ್.

"ಬಾಯ್ ಮುಚ್ಚ್ ಮಾರಾಯಾ! ತಪ್ರೆ ನೀನೇ ಮೊದ್ಲಿಂದ ಎಣ್ಸ್‌ಕ್ ಕಾಣ್!"

ಅವಳು ಎಣಿಸಿ ಮುಗಿದ ಒಂದೊಂದು ಕೊಂಬೆಗೂ ಕೆಂಪು ಉಲ್ಲನ್ ದಾರ ಕಟ್ಟುತ್ತಿದ್ದಳು. ಹಾಗಾಗಿ ಪ್ರಜ್ವಲ್ ಎಷ್ಟು ಕೂಗಿದರೂ ಲೆಕ್ಕ ತಪ್ಪಲಿಲ್ಲ. ಕೊನೆಗೆ ಸ್ಟೂಲಿನಿಂದ ಇಳಿದು, ಹೊಸ ಪುಸ್ತಕದ ಮೊದಲ ಪುಟದಲ್ಲಿ ಬರೆದಳು:

ಎಲೆ: 814. ಕಾಯಿ: 0.

ಆರನೇ ಕ್ಲಾಸಿನ ಸ್ನೇಹಲತಾ ಟೀಚರ್ ಕೊಟ್ಟ ಕೆಲಸ ಅದು. ಪ್ರತಿಯೊಬ್ಬರೂ ಒಂದು ಮರವನ್ನು ಆರಿಸಿಕೊಳ್ಳಬೇಕು, ವರ್ಷವಿಡೀ ಅದನ್ನು ನೋಡಿ ಡೈರಿ ಬರೆಯಬೇಕು. ಎಲೆ ಎಣಿಸಿ ಎಂದು ಟೀಚರ್ ಹೇಳಿರಲಿಲ್ಲ. ಹೇಳದೇ ಇದ್ದದ್ದನ್ನು ಮಾಡುವುದರಲ್ಲಿ ಕ್ಷಮಾ ಕ್ಲಾಸಿಗೇ ಮೊದಲು. ಪ್ರಜ್ವಲ್ ಶಾಲೆಯ ಗೇಟಿನ ಅಶ್ವತ್ಥ ಮರವನ್ನು ಆರಿಸಿಕೊಂಡಿದ್ದ. ಅವನ ಡೈರಿಯಲ್ಲಿ "ದೊಡ್ಡದಿದೆ" ಎಂದು ಬರೆದಿತ್ತು.

ಕ್ಷಮಾ ಆರಿಸಿಕೊಂಡದ್ದು ಪಕ್ಕದ ಮನೆಯ ದೇವಪ್ಪಜ್ಜನ ಕಸಿ ಹಲಸನ್ನು. ಅದಕ್ಕೊಂದು ಕತೆಯಿತ್ತು, ಆ ಕತೆಯನ್ನು ದೇವಪ್ಪಜ್ಜ ದಾರಿಹೋಕರಿಗೂ ಹೇಳುತ್ತಿದ್ದರು. ಅಮಾಸೆಬೈಲಿನಲ್ಲಿ ಅವರು ಹುಟ್ಟಿದ ಮನೆಯ ಎದುರು ಒಂದು ದೊಡ್ಡ ಹಲಸಿನ ಮರವಿತ್ತು. ಕೆಂಪು ತೊಳೆಯ ಹಣ್ಣು. ಅಂಥ ಹಣ್ಣು ಮುಂಬೈಯಲ್ಲಿ ನಲವತ್ತು ವರ್ಷ ಹೋಟೆಲಿನಲ್ಲಿ ದುಡಿದರೂ ಅವರ ಬಾಯಿಗೆ ಬೀಳಲಿಲ್ಲವಂತೆ. ರಸ್ತೆ ಅಗಲ ಮಾಡುವಾಗ ಮರ ಹೋಯಿತು. ಹೋಗುವ ಹಿಂದಿನ ದಿನ ದೇವಪ್ಪಜ್ಜ ಅದರ ನಾಲ್ಕು ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬ್ರಹ್ಮಾವರದ ನರ್ಸರಿಯೊಂದಕ್ಕೆ ಹೋಗಿ ಕಸಿ ಕಟ್ಟಿಸಿದ್ದರು. ನಾಲ್ಕರಲ್ಲಿ ಮೂರು ಒಣಗಿದವು. ಉಳಿದದ್ದು ಇದೊಂದೇ.

ಈಗ ಅದಕ್ಕೆ ಆರನೇ ವರ್ಷ. ಕಳೆದ ವರ್ಷ ಕಾಂಡದಲ್ಲಿ ಎರಡು ಗಂಡು ಹೂ ಬಿಟ್ಟು ಉದುರಿದ್ದವು. ಈ ವರ್ಷ ಕಾಯಿ ಗ್ಯಾರಂಟಿ ಎಂದು ನರ್ಸರಿಯವರು ಹೇಳಿದ್ದರು. ಮೊದಲ ಹಣ್ಣು ಯಾರಿಗೆ ಎಂದೂ ನಿಶ್ಚಯವಾಗಿತ್ತು. ಅಮಾಸೆಬೈಲಿನಲ್ಲಿದ್ದ ದೇವಪ್ಪಜ್ಜನ ಅಕ್ಕನಿಗೆ. ಅವರಿಗೆ ಎಂಬತ್ತಾರು. ಪ್ರತಿ ಭಾನುವಾರ ಫೋನ್ ಮಾಡಿ ಮೊದಲು ಮರದ ಆರೋಗ್ಯ ಕೇಳುತ್ತಿದ್ದರು, ಆಮೇಲೆ ತಮ್ಮನದು.

ಜುಲೈಯಲ್ಲಿ ಮೊಮ್ಮಗನ ನಾಮಕರಣಕ್ಕೆಂದು ದೇವಪ್ಪಜ್ಜ ಮುಂಬೈಗೆ ಹೊರಟರು. ಬ್ಯಾಗು ಹಿಡಿದು ರಿಕ್ಷಾ ಹತ್ತುವವರು ಇಳಿದು ಬಂದು ಕ್ಷಮಾಳನ್ನು ಕರೆದರು.

"ಹೆಣೇ, ನಾನ್ ಬಪ್ಪಲ್ಲಿವರಿಗೆ ಮರ ನಿನ್ ಜವಾಬ್ದಾರಿ. ಕಂಡ್ಕೋ."

"ಅಜ್ಜ, ಎಲಿ ಎಷ್ಟ್ ಇತ್ತ್ ಅಂದೇಳಿಯೂ ಬರ್ದಿಟ್ಟಿದೆ. ಒಂದ್ ಕಮ್ಮಿ ಆರೂ ಗೊತ್ತಾತ್ತ್."

"ವಾಹ್! ಫಸ್ಟ್ ಕ್ಲಾಸ್ ವಾಚ್‌ಮನ್!" ಎಂದು ನಕ್ಕು ಅಜ್ಜ ರಿಕ್ಷಾ ಹತ್ತಿದರು.

ಅದರ ಮರುದಿನವೇ ಶಾಲೆಯಲ್ಲಿ ಸೂಚನೆ ಬಂತು. ಆಸಾಡಿ ಅಮಾವಾಸ್ಯೆಯ ದಿನ ಕಾರ್ಯಕ್ರಮ. ಹಗ್ಗಜಗ್ಗಾಟ, ಗೋಣಿಚೀಲ ಓಟ, ಕೊಟ್ಟೆ ಕಟ್ಟುವ ಸ್ಪರ್ಧೆ. ಒಂದು ಗಂಟೆಯಲ್ಲಿ ಯಾರು ಹೆಚ್ಚು ಕೊಟ್ಟೆ ಕಟ್ಟುತ್ತಾರೋ ಅವರಿಗೆ ಬಹುಮಾನ. ಎಲೆ, ಕಡ್ಡಿ ತಾವೇ ತರಬೇಕು.

ಕೊಟ್ಟೆ ಎಂದರೆ ನಾಲ್ಕು ಹಲಸಿನ ಎಲೆ ಜೋಡಿಸಿ, ತೆಂಗಿನ ಗರಿಯ ಸಣ್ಣ ಕಡ್ಡಿ ಚುಚ್ಚಿ ಮಾಡುವ ಲೋಟ. ಅದರೊಳಗೆ ಹಿಟ್ಟು ಹೊಯ್ದು ಬೇಯಿಸಿದರೆ ಕಡುಬು. ಚೆನ್ನಾಗಿ ಕಟ್ಟಿದರೆ ಹಿಟ್ಟು ಸೋರುವುದಿಲ್ಲ. ಕ್ಷಮಾಳ ಅಮ್ಮ ಟಿವಿ ನೋಡುತ್ತಲೇ ಕಟ್ಟುತ್ತಿದ್ದರು. ಪ್ರಜ್ವಲ್ ಕಟ್ಟಿದರೆ ಟಿವಿ ಆಫ್ ಮಾಡಿದರೂ ಸೋರುತ್ತಿತ್ತು.

"ಈ ಸರ್ತಿ ನಾನೇ ಫಸ್ಟ್" ಎಂದ ಪ್ರಜ್ವಲ್. "ನಮ್ ಅತ್ತೆ ಟ್ರೇನಿಂಗ್ ಕೊಡ್ತ್ರ್."

"ಕಾಂಬ" ಎಂದಳು ಕ್ಷಮಾ.

ಅಭ್ಯಾಸಕ್ಕೆ ಎಲೆ ಬೇಕಲ್ಲ. ಕ್ಷಮಾಳ ಮನೆಯ ಹಿಂದೆ ಒಂದು ಹಳೆಯ ಹಲಸಿನ ಮರವಿತ್ತು. ಆದರೆ ಅದರ ಎಲೆ ಆಕಾಶದಲ್ಲಿ. ದೋಟಿಯಲ್ಲಿ ಎಳೆದರೆ ಎಲೆಗಿಂತ ಮೊದಲು ಕೆಂಪಿರುವೆ ಕೆಳಗೆ ಬರುತ್ತಿತ್ತು. ದೇವಪ್ಪಜ್ಜನ ಮರದ ಎಲೆ ಕೈಗೇ ಸಿಗುತ್ತಿತ್ತು. ಅಗಲ, ಮೆತ್ತಗೆ, ಎಲ್ಲ ಒಂದೇ ಅಳತೆ, ಕಡ್ಡಿ ಚುಚ್ಚಿದರೆ ಸೀಳುತ್ತಿರಲಿಲ್ಲ.

ಮೊದಲ ದಿನ ಅವಳು ಮರದ ಎದುರು ಸ್ವಲ್ಪ ಹೊತ್ತು ನಿಂತಳು. ಊರಿನವರೆಲ್ಲ ಹಲಸಿನ ಎಲೆ ಕೊಯ್ಯುತ್ತಾರೆ. ಅಷ್ಟಮಿಗೆ ಕೊಯ್ಯುತ್ತಾರೆ, ಚೌತಿಗೆ ಕೊಯ್ಯುತ್ತಾರೆ, ಯಾವ ಮರಕ್ಕೂ ಏನೂ ಆದದ್ದು ಅವಳು ಕಂಡಿರಲಿಲ್ಲ. ಎಲೆ ಮತ್ತೆ ಚಿಗುರುತ್ತದೆ. ಅಂದ ಮೇಲೆ ಇದೇನು ದೊಡ್ಡ ವಿಷಯ?

ದೊಡ್ಡ ವಿಷಯ ಅಲ್ಲದಿದ್ದರೂ ಅವಳು ಮರದ ಹಿಂಬದಿಯಿಂದಲೇ ಕೊಯ್ದಳು. ಮರಕ್ಕೆ ಹಿಂಬದಿ ಎಂಬುದೊಂದಿದೆ ಎಂದು ಅವಳಿಗೆ ಗೊತ್ತಾದದ್ದು ಆ ವಾರವೇ.

ಐದು ದಿನ, ದಿನಕ್ಕೆ ಇಪ್ಪತ್ತೆಂಟು ಕೊಟ್ಟೆ. ಐದು ದಿನವೂ ಬೆಳಿಗ್ಗೆ ಅವಳ ಮನೆಯಲ್ಲೂ ಪ್ರಜ್ವಲನ ಮನೆಯಲ್ಲೂ ಕಡುಬು. ನಾಲ್ಕನೆಯ ದಿನ ಕ್ಷಮಾಳ ಅಪ್ಪ ತಟ್ಟೆ ನೋಡಿ, "ಇವತ್ತೂ?" ಎಂದರು.

"ಎಲಿ ಎಲ್ಲಿಂದ ತಂದದ್ದ್ ನೀನ್?" ಎಂದು ಅಮ್ಮ ಕೇಳಿದರು, ಮಿಕ್ಸಿ ತಿರುಗುತ್ತಿರುವಾಗ.

"ಮರದಿಂದ" ಎಂದಳು ಕ್ಷಮಾ. ಮಿಕ್ಸಿಯ ಸದ್ದಿನಲ್ಲಿ ಆ ಉತ್ತರ ಸಾಕಾಯಿತು.

ಮೂರನೆಯ ದಿನವೇ ಹಿಂಬದಿ ಮುಗಿದಿತ್ತು. ಆಮೇಲೆ ಮುಂಬದಿ. ಆಮೇಲೆ ಸ್ಟೂಲು. ಸ್ಪರ್ಧೆಯ ದಿನ ಬೆಳಿಗ್ಗೆ ಅವಳು ಒಂದು ಗೋಣಿ ತುಂಬ ಎಲೆ ಹೊತ್ತು ಶಾಲೆಗೆ ಹೋದಳು. ಮಳೆ ಹೊಯ್ಯುತ್ತಿತ್ತು. ಕೊಡೆ ಹಿಡಿದದ್ದು ಗೋಣಿಗೆ, ಅವಳಿಗಲ್ಲ.

ಒಂದು ಗಂಟೆಯಲ್ಲಿ ಕ್ಷಮಾ ನಲವತ್ತೆಂಟು ಕೊಟ್ಟೆ ಕಟ್ಟಿದಳು. ಟೀಚರುಗಳು ಒಂದೊಂದಕ್ಕೂ ನೀರು ಹೊಯ್ದು ನೋಡಿದರು. ಒಂದೂ ಸೋರಲಿಲ್ಲ. ಪ್ರಜ್ವಲನದು ಮೂವತ್ತೊಂದು. ಅದರಲ್ಲಿ ಹನ್ನೊಂದು ಸೋರಿದವು, ಒಂದರಲ್ಲಿ ತಳವೇ ಇರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಬಹುಮಾನವಾಗಿ ಕ್ಷಮಾಳಿಗೆ ಒಂದು ನೀಲಿ ಪ್ಲಾಸ್ಟಿಕ್ ಬಾಲ್ದಿ ಸಿಕ್ಕಿತು. ಅದರ ಮೇಲೆ ಮಾರ್ಕರಿನಲ್ಲಿ "ಪ್ರಥಮ" ಎಂದು ಬರೆದಿತ್ತು.

ಸಂಜೆ ಬಾಲ್ದಿಯನ್ನು ತಲೆಗೆ ಟೋಪಿಯ ಹಾಗೆ ಹಾಕಿಕೊಂಡು ಇಬ್ಬರೂ ಸರದಿಯಲ್ಲಿ ನಡೆದು ಬಂದರು. ದೇವಪ್ಪಜ್ಜನ ಅಂಗಳದ ಹತ್ತಿರ ಬಾಲ್ದಿಯ ಸರದಿ ಪ್ರಜ್ವಲನದಾಗಿತ್ತು. ಹಾಗಾಗಿ ಮರ ಮೊದಲು ಕಂಡದ್ದು ಕ್ಷಮಾಳಿಗೆ.

ಸ್ನಾನಕ್ಕೆಂದು ಬಟ್ಟೆ ಬಿಚ್ಚಿಸಿ, ಯಾರೋ ಕರೆದರೆಂದು ಅಂಗಳದಲ್ಲೇ ಬಿಟ್ಟು ಹೋದ ಚಿಕ್ಕ ಮಗುವಿನ ಹಾಗೆ ಅದು ಮಳೆಯಲ್ಲಿ ನಿಂತಿತ್ತು. ಕೊಂಬೆಗಳಲ್ಲಿ ಎಲೆಗಿಂತ ಉಲ್ಲನ್ ದಾರವೇ ಹೆಚ್ಚು ಕಾಣುತ್ತಿತ್ತು.

"ಓ ದೇವ್ರೇ!" ಎಂದ ಪ್ರಜ್ವಲ್, ಬಾಲ್ದಿ ಎತ್ತಿ ನೋಡಿ. "ಪೂರಾ ಬೋಳ್ ಮಾಡಿದ್ಯಲ್ಲೇ!"

"ಚಿಗುರ್ತ್ ಅಲ್ದಾ?"

"ಚಿಗುರ್ತ್ ಬಿಡ್" ಎಂದ ಪ್ರಜ್ವಲ್. ಅವನ ದನಿಯಲ್ಲಿ ಅಶ್ವತ್ಥ ಮರದ ಡೈರಿ ಬರೆದವನ ಧೈರ್ಯವಿತ್ತು.

ಉಳಿದದ್ದನ್ನು ಎಣಿಸಲು ಸ್ಟೂಲು ಬೇಕಾಗಲಿಲ್ಲ. ಕ್ಷಮಾ ಡೈರಿಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಲೆಕ್ಕ ಮಾಡಿದಳು. ಅಭ್ಯಾಸಕ್ಕೆ 140 ಕೊಟ್ಟೆ, ಸ್ಪರ್ಧೆಗೆ 48. ಒಟ್ಟು 188. ನಾಲ್ಕರಿಂದ ಗುಣಿಸಿದರೆ 752. ಎಂಟುನೂರ ಹದಿನಾಲ್ಕರಲ್ಲಿ ಅದನ್ನು ಕಳೆದರೆ 62. ಮರದಲ್ಲಿ ಇದ್ದದ್ದು 57. ಐದು ಎಲೆ ತಾವಾಗಿಯೇ ಉದುರಿರಬೇಕು. ಆ ಐದರಲ್ಲಿ ತನ್ನ ತಪ್ಪಿಲ್ಲ ಎಂದು ಅವಳಿಗೆ ಸ್ವಲ್ಪ ಸಮಾಧಾನವಾಯಿತು.

ಮುಂದಿನ ದಿನಗಳಲ್ಲಿ ಅವಳು ಬಹುಮಾನದ ಬಾಲ್ದಿಯಲ್ಲಿ ದಿನಾ ಮರಕ್ಕೆ ನೀರು ಹಾಕಿದಳು. ಧಾರಾಕಾರ ಮಳೆ ಬರುತ್ತಿತ್ತು. ಆಸಾಡಿಯ ಮಳೆಯಲ್ಲಿ ಕೊಡೆ ಹಿಡಿದು ಮರಕ್ಕೆ ನೀರು ಹಾಕಿದವರು ಆ ಊರಿನಲ್ಲಿ ಅವಳಿಗಿಂತ ಮೊದಲು ಯಾರೂ ಇದ್ದಂತಿಲ್ಲ.

ಆಗಸ್ಟ್ ಮೊದಲ ವಾರ ದೇವಪ್ಪಜ್ಜ ಮುಂಬೈ ರೈಲಿನಲ್ಲಿ ಬಂದಿಳಿದರು. ಬ್ಯಾಗನ್ನು ಕೈಯಿಂದ ಬಿಡದೆ ಮರದ ಸುತ್ತ ಒಂದು ಸುತ್ತು ಬಂದರು.

"ಅರೆ! ಎಂತ ಆಯ್ತಿದ್ಕೆ?"

ಕ್ಷಮಾ ಬಾಯಿ ತೆರೆದಳು. ಹೇಳುವುದು ನಾಲ್ಕೇ ಮಾತು ಇತ್ತು. ಆದರೆ ಅಜ್ಜನ ಮುಖ ನೋಡಿ, ಕೈಯಲ್ಲಿದ್ದ ಡೈರಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

"ಆಡ್ ತಿಂದಿರ್ಕ್ ಅಜ್ಜ" ಎಂದ ಪ್ರಜ್ವಲ್. ಗೆಳತಿಗೆ ಸಹಾಯ ಮಾಡುವ ಹುಮ್ಮಸ್ಸು ಅವನಿಗೆ.

ಊರಿನಲ್ಲಿ ಆಡು ಎಂದರೆ ಒಂದೇ, ಹಿಂದಿನ ಮನೆಯ ಪುಷ್ಪಕ್ಕನ ಆಡು. ಹೆಸರು ರಾಣಿ. ಬೆಳಿಗ್ಗೆ ಬಿಟ್ಟರೆ ಸಂಜೆಯವರೆಗೆ ಅವರಿವರ ಬೇಲಿ ತಿನ್ನುತ್ತ ತಿರುಗುವುದು ಅದರ ಪದ್ಧತಿ. ಮರದ ಪಕ್ಕದಲ್ಲೇ ಕಾಂಪೌಂಡ್ ಗೋಡೆಯೂ ಇತ್ತು. ಗೋಡೆ ಹತ್ತಿದರೆ ಮರದ ತುದಿ ಸಿಗುತ್ತಿತ್ತು. ಎಲ್ಲವೂ ಸರಿಯಾಗಿ ಹೊಂದಿಕೊಂಡಿತು.

"ಹ್ವಾಯ್ ಪುಷ್ಪಾ!" ದೇವಪ್ಪಜ್ಜನ ದನಿ ಹೆದ್ದಾರಿಯವರೆಗೆ ಕೇಳಿಸಿತು. "ನಿನ್ ಆಡ್ ನನ್ ಮರ ಪೂರಾ ತಿಂದಿತ್ತಲ್ಲೇ!"

ಪುಷ್ಪಕ್ಕ ಓಡಿ ಬಂದು ಮರ ನೋಡಿ ಕೆನ್ನೆಗೆ ಕೈ ಹಚ್ಚಿಕೊಂಡರು. "ಅಯ್ಯಯ್ಯೋ! ಇಷ್ಟೂ ತಿಂದಿತ್ತಾ? ಅದ್ಕೇ ಮೊನ್ನೆ ಒಂದ್ ವಾರ ಇಡೀ ಮನ್ಯಗೆ ಹುಲ್ಲ್ ಮುಟ್ಟ್ಲಿಲ್ಲೆ ಕಾಣಿ!"

ಮಾಡದ ತಪ್ಪಿಗೆ ಸಾಕ್ಷಿಯೂ ಸಿಕ್ಕಿತು. ಅಂದಿನಿಂದ ರಾಣಿಯನ್ನು ಗೂಟಕ್ಕೆ ಕಟ್ಟಿದರು. ಅದಕ್ಕೆ ಅಭ್ಯಾಸವಿರಲಿಲ್ಲ. ದಿನವಿಡೀ ಕೂಗುತ್ತಿತ್ತು. ಹೋಮ್‌ವರ್ಕ್ ಮಾಡುವಾಗ ಕ್ಷಮಾ ಕಿಟಕಿ ಹಾಕಿಕೊಳ್ಳುತ್ತಿದ್ದಳು. ಆಡಿನ ಕೂಗು ಕಿಟಕಿಗೆ ಹೆದರುವಂಥದ್ದಲ್ಲ.

ದೇವಪ್ಪಜ್ಜ ಬಾಲ್ದಿಯ ಸುದ್ದಿ ಕೇಳಿ ಬೆನ್ನು ತಟ್ಟಿದರು. ಭಾನುವಾರದ ಫೋನಿನಲ್ಲಿ ಅಕ್ಕನಿಗೂ ಹೇಳಿದರು. "ನಮ್ ಕ್ಷಮಾ ಕೊಟ್ಟಿ ಕಟ್ಟಿ ಫಸ್ಟ್ ಬಂದಿದ್ಲ್ ಅಕ್ಕ, ನಲ್ವತ್ತೆಂಟ್!" ಆ ಎಲೆ ಎಲ್ಲಿಯದೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು ಎಂದು ಕ್ಷಮಾಳಿಗೆ ಎಷ್ಟೋ ಸಲ ಅನ್ನಿಸಿತು.

ಸೆಪ್ಟೆಂಬರಿನಲ್ಲಿ ಮರ ಚಿಗುರಿತು. ನುಣುಪಾದ, ತೆಳು ಹಸಿರು ಎಲೆಗಳು. ಡೈರಿಯಲ್ಲಿ 57 ಇದ್ದದ್ದು 130 ಆಯಿತು, ಅಕ್ಟೋಬರಿನಲ್ಲಿ 212. ಕ್ಷಮಾಳ ಎದೆ ಹಗುರಾಯಿತು. ಪ್ರಜ್ವಲ್ ಹೇಳಿದ್ದು ಸರಿಯಾಗಿತ್ತು. ಎಲೆ ಬಂದರೆ ಎಲ್ಲ ಸರಿಹೋದಂತೆಯೇ ಅಲ್ಲವೇ?

ನವೆಂಬರಿನ ಒಂದು ಮಧ್ಯಾಹ್ನ ಸ್ನೇಹಲತಾ ಟೀಚರ್ ಒಂದು ಗಾಜಿನ ಭರಣಿ ತಂದು ಮೇಜಿನ ಮೇಲಿಟ್ಟರು. ಬಿಸಿಯೂಟದ ಪ್ರಭಾವತಿಯಮ್ಮನ ಎಲೆಅಡಿಕೆ ಚೀಲದಿಂದ ಸುಣ್ಣ ತಂದು ನೀರಿನಲ್ಲಿ ಕಲಸಿ, ತಿಳಿ ಮಾಡಿ ಒಂದು ಸಣ್ಣ ಲೋಟಕ್ಕೆ ಹಾಕಿದರು. ಲೋಟವನ್ನು ಭರಣಿಯೊಳಗಿಟ್ಟರು. ಪಕ್ಕದಲ್ಲಿ ಎಲೆ ತುಂಬಿದ ಒಂದು ಹಲಸಿನ ಟಿಸಿಲು. ಮುಚ್ಚಳ ಬಿಗಿದು, ಕಪ್ಪು ಬಟ್ಟೆ ಸುತ್ತಿ ಕಪಾಟಿನೊಳಗಿಟ್ಟರು.

ಮರುದಿನ ತೆಗೆದು ನೋಡಿದರೆ ಸುಣ್ಣದ ತಿಳಿನೀರು ಹಾಲಿನ ಹಾಗೆ ಬೆಳ್ಳಗಾಗಿತ್ತು.

"ಪ್ರಜ್ವಲ್, ಇನ್ನೊಂದು ಲೋಟಕ್ಕೆ ಸ್ಟ್ರಾ ಹಾಕಿ ಊದು" ಎಂದರು ಟೀಚರ್.

ಅವನು ಗುಳುಗುಳು ಊದಿದ. ಅದೂ ಬೆಳ್ಳಗಾಯಿತು.

"ಕಂಡ್ರಾ? ನಾವು ಉಸಿರು ಬಿಟ್ಟಾಗ ಬರುವ ಕಾರ್ಬನ್ ಡೈಆಕ್ಸೈಡೇ ಎಲೆಯಿಂದಲೂ ಬಂತು. ಮರ ಉಸಿರಾಡ್ತದೆ. ಎಲೆ, ಕಾಂಡ, ಬೇರು, ಎಲ್ಲ. ಹಗಲೂ ರಾತ್ರಿಯೂ."

"ಟೀಚರ್, ಮರ ಆ ಗಾಳಿ ಒಳಗೆ ತಕಂಬುದ್ ಅಂದಿದ್ರಿ?" ಎಂದ ಪ್ರಜ್ವಲ್.

"ಅದೂ ಹೌದು. ಬಿಸಿಲಿದ್ದಾಗ ಎಲೆ ಗಾಳಿಯ ಕಾರ್ಬನ್ ಹಿಡಿದು, ಬೇರಿನ ನೀರು ಸೇರಿಸಿ ಸಕ್ಕರೆ ಮಾಡ್ತದೆ. ಎಲೆ ಅಂದ್ರೆ ಮರದ ಅಡಿಗೆಮನೆ. ಉಸಿರಾಡುವಾಗ ಅದೇ ಸಕ್ಕರೆ ಕರಗ್ತದೆ. ಮಳೆಗಾಲದಲ್ಲಿ ಮೋಡ, ಬಿಸಿಲು ಕಡಿಮೆ. ಅಡಿಗೆ ಅಷ್ಟಕ್ಕಷ್ಟೆ. ಮಳೆ ಬಿಟ್ಟ ಮೇಲೆ ಒಳ್ಳೆ ಬಿಸಿಲು. ಆಗ ಎಲೆ ತುಂಬ ಇರುವ ಮರ ತಿಂದು ಉಳಿದದ್ದನ್ನ ಕಾಂಡದಲ್ಲಿ, ಬೇರಿನಲ್ಲಿ ಕೂಡಿಡ್ತದೆ. ನಿಮ್ಮಜ್ಜಿ ಕಾಲದಲ್ಲಿ ಮಳೆಗಾಲಕ್ಕೆ ಹುಲ್ಲಿನ ಮುಡಿ ಕಟ್ಟಿ ಅಕ್ಕಿ ಇಡ್ತಿದ್ರಲ್ಲ, ಹಾಗೆ. ಹೂವು, ಕಾಯಿ ಬರುವಾಗ ಆ ಮುಡಿ ಬಿಚ್ಚುವುದು."

ಕ್ಷಮಾ ಕೈ ಎತ್ತಿದಳು. "ಟೀಚರ್, ಮಳೆಗಾಲದಲ್ಲಿ ಎಲೆ ಎಲ್ಲ ಹೋದ್ರೆ?"

"ದೊಡ್ಡ ಮರದಲ್ಲಿ ಒಂದಿಷ್ಟು ಹೋದರೆ ಅದಕ್ಕೆ ಗೊತ್ತೂ ಆಗುವುದಿಲ್ಲ. ಸಣ್ಣ ಮರ, ಪೂರ್ತಿ ಹೋದರೆ ಕಷ್ಟ. ಅಡಿಗೆಮನೆ ಇಲ್ಲ, ಉಸಿರಾಟ ನಿಲ್ಲಿಸುವ ಹಾಗೂ ಇಲ್ಲ. ಇದ್ದ ಮುಡಿ ಬಿಚ್ಚಿ ಉಸಿರಾಡಬೇಕು, ಅದರಲ್ಲೇ ಹೊಸ ಎಲೆಯನ್ನೂ ಮಾಡಬೇಕು."

"ಮತ್ತೆ ಕಾಯಿಗೆ?"

ಟೀಚರ್ ಖಾಲಿ ಕೈ ತೋರಿಸಿದರು. ಆಮೇಲೆ, "ಯಾಕೆ ಕ್ಷಮಾ? ನಿನ್ನ ಮರಕ್ಕೆ ಏನಾಯ್ತು?" ಎಂದು ಕೇಳಿದರು.

"ಇಲ್ಲ ಟೀಚರ್" ಎಂದಳು ಕ್ಷಮಾ. ಅದು ಉತ್ತರವೇ ಆಗಿರಲಿಲ್ಲ.

ಸಂಜೆ ಬರುವಾಗ ಪ್ರಜ್ವಲ್ ಕೇಳಿದ, "ಹೇಳ್ತ್ಯಾ?"

"ಹೇಳ್ಕಲ್ದಾ?"

"ಆಡಿನ್ ಮಾತ್ ನಾನ್ ಹೇಳದ್ದ್ ಅಂದೇಳಿ ಹೇಳ್ಬೇಡ್ವೇ."

ಅವನು ತನ್ನ ಮನೆಯ ಗೇಟಿನಲ್ಲಿ ಮಾಯವಾದ.

ದೇವಪ್ಪಜ್ಜ ಜಗಲಿಯ ಕುರ್ಚಿಯಲ್ಲಿ ಕುಳಿತು, ಭಾನುವಾರವಲ್ಲದಿದ್ದರೂ, ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. "ಇನ್ನೂ ಎಂತದೂ ಕಾಣ್ತಿಲ್ಲೆ ಅಕ್ಕ. ಬೇರೆ ಮರದಗೆಲ್ಲ ಹೂ ಬಂತ್. ಆ ದರಿದ್ರ ಆಡ್..."

ಕ್ಷಮಾ ಮೆಟ್ಟಿಲ ಮೇಲೆ ನಿಂತಳು. ಡೈರಿಯ ಕೊನೆಯ ಪುಟ ತೆರೆದು ಅಜ್ಜನ ತೊಡೆಯ ಮೇಲಿಟ್ಟಳು.

ಅಜ್ಜ ಕನ್ನಡಕ ಸರಿಮಾಡಿಕೊಂಡು ಓದಿದರು. ನೂರ ಎಂಬತ್ತೆಂಟು ಗುಣಿಸು ನಾಲ್ಕು. ತುಟಿಯಲ್ಲೇ ಗುಣಿಸಿ ನೋಡಿದರು, ಲೆಕ್ಕ ತಪ್ಪಿದ್ದರೆ ಒಳ್ಳೆಯದಿತ್ತು ಎನ್ನುವ ಹಾಗೆ. ಲೆಕ್ಕ ತಪ್ಪಿರಲಿಲ್ಲ.

"ಬಾಲ್ದಿ ಬಂದದ್ದ್... ಈ ಎಲಿಗಾ?"

"ಹೌದ್ ಅಜ್ಜ."

ಅವರು ಬೈಯಲಿಲ್ಲ. ಬೈದಿದ್ದರೆ ಅವಳು ಅಳಬಹುದಿತ್ತು. ಫೋನಿನಲ್ಲಿ "ಹಲೋ, ಹಲೋ" ಎಂದು ಅಕ್ಕ ಕೂಗುತ್ತಲೇ ಇದ್ದರು. ಅಜ್ಜ ಫೋನೆತ್ತಿ, "ಆಡ್ ಅಲ್ಲ ಅಕ್ಕ. ನಮ್ ಹೆಣ್ಣ್ ಕೊಟ್ಟಿ ಕಟ್ಟೂಕ್ ಕೊಯ್ದದ್ದಂಬ್ರ್" ಎಂದರು. ಸ್ವಲ್ಪ ಕೇಳಿಸಿಕೊಂಡು ಫೋನನ್ನು ಕ್ಷಮಾಳಿಗೆ ಕೊಟ್ಟರು. "ನಿಂಗೆ."

"ಹಲೋ" ಎಂದಳು ಕ್ಷಮಾ, ತನಗೇ ಕೇಳಿಸದ ಹಾಗೆ.

"ಕೊಟ್ಟಿ ಲಾಯ್ಕ್ ಬಂದಿತ್ತಾ ಮಗಾ?" ಎಂದಿತು ಆ ಕಡೆಯ ಹಳೆಯ ದನಿ.

"ಹ್ಞಾಂ."

"ಸೋರ್ಲಿಲ್ಲೆ ಅಲ್ದಾ? ಆ ಮರದ್ ಎಲಿ ಹಾಂಗೇ. ನಮ್ಮಮ್ಮ ಅದ್ರಗೇ ಕಟ್ತಿದ್ದದ್ದ್. ಆರೆ ಅದ್ ದೊಡ್ಡ ಮರ ಮಗಾ. ಇದ್ ಇನ್ನೂ ಹಸಿ ಕೂಸ್. ಹಣ್ಣ್ ಬಪ್ಪೊರ್ಷ ಕಾಂಬ, ಹಾಂ?"

ಎಂಬತ್ತಾರಕ್ಕೆ ಒಂದು ಸೇರಿಸಿದರೆ ಎಷ್ಟು ಎಂದು ಕ್ಷಮಾಳಿಗೆ ಗೊತ್ತಿತ್ತು. ಅವಳಿಗೆ ಬಂದಷ್ಟು ಲೆಕ್ಕದಲ್ಲಿ ಅದಕ್ಕಿಂತ ಕಷ್ಟದ ಕೂಡಿಸುವ ಲೆಕ್ಕ ಇರಲಿಲ್ಲ.

ದೇವಪ್ಪಜ್ಜ ಚಪ್ಪಲಿ ಹಾಕಿಕೊಂಡರು. "ನಡಿ."

"ಎಲ್ಲಿಗೆ ಅಜ್ಜ?"

"ಪುಷ್ಪನ್ ಮನಿಗೆ. ನೀನ್ ಸುಮ್ನಿದ್ದದ್ದಕ್ಕೆ ನಾನ್ ಅವ್ಳಿಗೆ ಬೈದದ್ದ್. ಇಬ್ರೂ ಹೋಪ."

ಪುಷ್ಪಕ್ಕ ಎಲ್ಲವನ್ನೂ ಕೇಳಿದರು. ಮೊದಲು ದೇವಪ್ಪಜ್ಜನನ್ನು ನೋಡಿದರು, ಆಮೇಲೆ ಕ್ಷಮಾಳನ್ನು, ಕೊನೆಗೆ ಗೂಟದ ಹತ್ತಿರ ನಿಂತ ರಾಣಿಯನ್ನು.

"ಮೂರೂವರೆ ತಿಂಗ್ಳ್ ಕಟ್ಟಿ ಹಾಕಿದೆ ಪಾಪ" ಎಂದರು. "ನನ್ ಹತ್ರ ಎಂತ ಹೇಳುದ್ ಬ್ಯಾಡ. ಅದ್ರ್ ಹತ್ರ ಹೇಳ್."

ಕ್ಷಮಾ ಹೋಗಿ ಹಗ್ಗ ಬಿಚ್ಚಿದಳು. ಕುತ್ತಿಗೆಯ ಸುತ್ತ ಕೂದಲು ಸವೆದು ಒಂದು ಗೆರೆಯಾಗಿತ್ತು. "ಸಾರಿ" ಎಂದಳು. ರಾಣಿ ಅವಳ ಕೈ ಮೂಸಿ, ಏನೂ ಇಲ್ಲದ್ದು ನೋಡಿ, ನೆಟ್ಟಗೆ ದೇವಪ್ಪಜ್ಜನ ಅಂಗಳಕ್ಕೆ ನಡೆಯಿತು. ಗೋಡೆ ಹತ್ತಿತು. ಎಲ್ಲರೂ ಓಡಿ ಬರುವಷ್ಟರಲ್ಲಿ ಹೊಸ ಎಲೆಗಳಲ್ಲಿ ಮೂರನ್ನು ತಿಂದು ಮುಗಿಸಿತ್ತು.

ಕ್ಷಮಾ ಆ ದಿನದ ಡೈರಿಯಲ್ಲಿ ಬರೆದಳು: "ಮೂರು ಎಲೆ ಕಡಿಮೆ. ಆಡು ತಿಂದದ್ದು. ಇದು ನಿಜ."

ಆ ಭಾನುವಾರ ದೇವಪ್ಪಜ್ಜ ಮರಕ್ಕೆ ಬೇಲಿ ಕಟ್ಟಿದರು. ಕ್ಷಮಾ ಕೋಲು ಹಿಡಿದು ನಿಂತಳು, ಅವರು ಹಗ್ಗ ಬಿಗಿದರು. ಮೊದಲಿನ ಹಾಗೆ ಅಮಾಸೆಬೈಲಿನ ಕತೆ ಹೇಳಲಿಲ್ಲ. "ಇಲ್ಲಿ ಹಿಡಿ", "ಸಾಕ್" ಎಂಬೆರಡೇ ಮಾತು. ಆ ದಿನಗಳಲ್ಲಿ ಕ್ಷಮಾಳಿಗೆ ಆ ಕತೆಯನ್ನು ಇನ್ನೊಮ್ಮೆ ಕೇಳಬೇಕೆಂದು ತುಂಬ ಆಸೆಯಾಗುತ್ತಿತ್ತು. ಮೊದಲು ಅವಳು ಕತೆಯ ನಡುವೆ ಓಡಿ ಹೋಗುತ್ತಿದ್ದಳು.

ಜನವರಿಯಲ್ಲಿ ಊರಿನ ಹಲಸಿನ ಮರಗಳೆಲ್ಲ ಕಾಂಡದ ತುಂಬ ಎಳೆಗಾಯಿ ಹೊತ್ತು ನಿಂತವು. ದೇವಪ್ಪಜ್ಜನ ಮರದ ಬುಡದ ಹತ್ತಿರ, ಬಹಳ ತಡವಾಗಿ, ಒಂದೇ ಒಂದು ಬಂತು. ಹೆಬ್ಬೆರಳಿನಷ್ಟು ಇತ್ತು.

"ಗಂಡೋ ಕಾಯೋ ಅಜ್ಜ?" ಕ್ಷಮಾ ಬೇಲಿಯ ಹೊರಗಿನಿಂದ ಕೇಳಿದಳು.

ಅಜ್ಜ ಮೊಣಕಾಲೂರಿ ನೋಡಿದರು. "ತೊಟ್ಟ್ ದಪ್ಪ ಇತ್ತ್. ಗಂಡಾರೆ ಸಪೂರ. ಕಾಯಿಯೇ." ಬಹಳ ದಿನಗಳ ಮೇಲೆ ಅವರು ಅವಳ ಮುಖ ನೋಡಿ ಮಾತಾಡಿದ್ದು. "ಕಾಂಬ."

ಕ್ಷಮಾ ಅದಕ್ಕೆ ಉಲ್ಲನ್ ದಾರ ಕಟ್ಟಲಿಲ್ಲ. ಮುಟ್ಟಲೂ ಇಲ್ಲ. ದಿನಾ ಶಾಲೆಗೆ ಹೋಗುವಾಗ ಒಮ್ಮೆ, ಬಂದು ಒಮ್ಮೆ ನೋಡಿದಳು. ಅದು ಕೋಳಿಮೊಟ್ಟೆಯಷ್ಟಾಯಿತು. ಅಮಾಸೆಬೈಲಿಗೆ ಫೋನಿನಲ್ಲಿ ಅದರ ಫೋಟೋ ಹೋಯಿತು. ಅಕ್ಕನಿಗೆ ಕಣ್ಣು ಸರಿಯಾಗಿ ಕಾಣದ ಕಾರಣ ಪಕ್ಕದ ಮನೆಯವರು ನೋಡಿ ವರ್ಣಿಸಿದರಂತೆ.

ಮಾರ್ಚ್ ಹದಿನೇಳರ ಸಂಜೆ ಅದು ನೆಲದ ಮೇಲೆ ಬಿದ್ದಿತ್ತು. ಕಪ್ಪಗಾಗಿ, ಮೆತ್ತಗಾಗಿತ್ತು. ಯಾರೂ ಕಿತ್ತದ್ದಲ್ಲ. ರಾಣಿ ಬೇಲಿಯ ಹೊರಗೆ ಇತ್ತು.

"ಸಾಕೂಕ್ ಆಯ್ಲಿಲ್ಲೆ ಅದ್ಕೆ. ಬಿಟ್ತ್" ಎಂದರು ದೇವಪ್ಪಜ್ಜ. ಫೋನ್ ಮಾಡಲು ಒಳಗೆ ಹೋದರು.

ಕ್ಷಮಾ ಬೇಲಿಯೊಳಗೆ ಹೋಗಿ ಕಾಂಡಕ್ಕೆ ಅಂಗೈ ಇಟ್ಟಳು. ಅದು ಉಸಿರಾಡುತ್ತಿದೆ ಎಂದು ಅವಳಿಗೆ ಗೊತ್ತಿತ್ತು, ಆದರೆ ಕೈಗೆ ಏನೂ ತಿಳಿಯುತ್ತಿರಲಿಲ್ಲ. ಅವಳು ತನ್ನ ಉಸಿರು ಬಿಗಿಹಿಡಿದು ಮನಸ್ಸಿನಲ್ಲೇ ಎಣಿಸಿದಳು. ಮೂವತ್ತೆಂಟಕ್ಕೆ ತಡೆಯಲಾಗದೆ ಬಿಟ್ಟಳು. ಎಲೆಯಿಲ್ಲದೆ ಆಸಾಡಿಯ ಮಳೆಯಲ್ಲಿ ನಿಂತ ದಿನಗಳಲ್ಲೂ ಮರ ಒಂದು ಕ್ಷಣ ಉಸಿರು ನಿಲ್ಲಿಸಿರಲಿಲ್ಲ. ಅವಳು ಬಾಲ್ದಿಯನ್ನು ತಲೆಗೆ ಹಾಕಿಕೊಂಡು ನಗುತ್ತ ನಡೆದು ಬರುತ್ತಿದ್ದಾಗಲೂ ಇಲ್ಲ.

ಬೇಸಿಗೆ ಬಂದಿತ್ತು. ಈಗ ನೀರು ಹಾಕಿದರೆ ಅರ್ಥವಿತ್ತು. ಅವಳು ನೀಲಿ ಬಾಲ್ದಿಯಲ್ಲಿ ಎರಡು ಸಲ ನೀರು ತಂದು ಬುಡಕ್ಕೆ ಹೊಯ್ದಳು. ಆಮೇಲೆ ಸ್ಟೂಲು ತಂದು, ಎಲೆಗಳನ್ನು ಮುಟ್ಟದೆ, ಬೆರಳು ತೋರಿಸಿ ಎಣಿಸಿದಳು. ಪ್ರಜ್ವಲ್ ಗೇಟಿನ ಹತ್ತಿರ ಬಂದು ನಿಂತ. ಈ ಸಲ ಲೆಕ್ಕ ತಪ್ಪಿಸಲಿಲ್ಲ.

ಕತ್ತಲಾಗುವ ಮೊದಲು ಡೈರಿಯ ಪುಟ ಮುಗಿಯಿತು.

ಎಲೆ: 396. ಕಾಯಿ: 0.

ಆ ವರ್ಷ ಅಮಾಸೆಬೈಲಿಗೆ ಹಣ್ಣು ಹೋಗಲಿಲ್ಲ.